ಸ್ಕೀ ಸೀಸನ್ ಕೆಲಸಕ್ಕೆ ಹೊರಡುವ ಮುಂಚೆ: ಮದ್ದೂರಿಂದ ಜಿಂಡಬೈನ್‌ವರೆಗೆ

ನಾನು ಬೆಂಗಳೂರಿನಲ್ಲಿ ವಿಮಾನ ಹತ್ತಿದ್ದು 2025ರ ಮೇ 20ಕ್ಕೆ. ಮೊದಲ ಸಂಬಳ ಖಾತೆಗೆ ಬಿದ್ದದ್ದು ಜೂನ್ 30ಕ್ಕೆ. ನಡುವೆ 41 ದಿನ. ಈಗ ಊರಿಗೆ ಬಂದ ಮೇಲೆ ಹುಡುಗರು ಕೇಳುವುದೆಲ್ಲ ಚಳಿ ಎಷ್ಟಿತ್ತು, ಜಾಕೆಟ್ ಎಲ್ಲಿ ತಗೊಂಡೆ, ಸ್ಕೀ ಮಾಡೋಕೆ ಬರುತ್ತಾ ಅಂತ. ಆ 41 ದಿನ ಏನು ತಿಂದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ತಯಾರಿ ಮಾಡಬೇಕಿದ್ದದ್ದು ಅದಕ್ಕೆ. ಚಳಿಗೆ ಹೇಗೋ ಮೈ ಒಗ್ಗುತ್ತದೆ.

ನನ್ನದು ಮದ್ದೂರು ಕಡೆಯ ಹಳ್ಳಿ. ಅಪ್ಪ ಕಬ್ಬು, ಭತ್ತ ಬೆಳೆಯುತ್ತಾರೆ. ನಾನು ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಅಲ್ಲೇ ಒಂದು ಹೋಟೆಲ್‌ನ ಫ್ರಂಟ್ ಆಫೀಸಿನಲ್ಲಿ ನಾಲ್ಕು ವರ್ಷ ಇದ್ದೆ. ಹಿಮ ನೋಡಿರಲಿಲ್ಲ. ಮಂಜು ಅಂದರೆ ನಮಗೆ ಡಿಸೆಂಬರ್ ಬೆಳಗ್ಗೆ ಗದ್ದೆ ಮೇಲೆ ಕೂತು, ಒಂಬತ್ತು ಗಂಟೆಗೆ ಎದ್ದು ಹೋಗುವ ವಸ್ತು, ಅಲ್ವಾ? ಅಂಥವನು ಆಸ್ಟ್ರೇಲಿಯಾದ ಜಿಂಡಬೈನ್ ಅನ್ನುವ ಊರಿನಲ್ಲಿ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಹಲಗೆ, ಬಾಡಿಗೆ ಕೊಡುವ ಅಂಗಡಿಯಲ್ಲಿ ಒಂದು ಸೀಸನ್ ಪೂರ್ತಿ ಜನರ ಕಾಲಿಗೆ ಬೂಟು ಹಾಕಿಸಿದೆ.

ವೀಸಾ ಅನ್ನುವ ಲಾಟರಿ

ಆಸ್ಟ್ರೇಲಿಯಾ ಯಾಕೆ? ಅಲ್ಲಿ ಕೂಡ ಹಿಮ ಬೀಳುತ್ತಾ? ಅವ್ವನಿಂದ ಹಿಡಿದು ಹೋಟೆಲ್ ಮ್ಯಾನೇಜರ್‌ವರೆಗೆ ಎಲ್ಲರೂ ಕೇಳಿದ್ದು ಇದನ್ನೇ. ಬೀಳುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಪೆರಿಷರ್, ಥ್ರೆಡ್‌ಬೋ ಅನ್ನುವ ಸ್ಕೀ ತಾಣಗಳಿವೆ. ವಿಕ್ಟೋರಿಯಾದಲ್ಲಿ ಫಾಲ್ಸ್ ಕ್ರೀಕ್, ಮೌಂಟ್ ಹಾಥಮ್, ಮೌಂಟ್ ಬುಲ್ಲರ್ ಇವೆ. ಅವರ ಚಳಿಗಾಲ ನಮ್ಮ ಮಳೆಗಾಲದಲ್ಲಿ ಬರುತ್ತದೆ. ಸೀಸನ್ ಜೂನ್ ಎರಡನೇ ವಾರದ ರಜೆಗೆ ಶುರುವಾಗಿ ಅಕ್ಟೋಬರ್ ಮೊದಲ ವಾರಕ್ಕೆ ಮುಗಿಯುತ್ತದೆ.

ಇನ್ನೊಂದು ಕಾರಣ ವೀಸಾ. ಯುರೋಪಿನ ಹುಡುಗರಿಗೆ ಇಂಥ ಕೆಲಸಕ್ಕೆ ಹತ್ತಾರು ದೇಶದ ಬಾಗಿಲು ತೆರೆದಿರುತ್ತದೆ. ನಮಗೆ ಬಾಗಿಲು ಕಡಿಮೆ. ಆಸ್ಟ್ರೇಲಿಯಾ ತನ್ನ ವರ್ಕ್ ಅಂಡ್ ಹಾಲಿಡೇ ವೀಸಾವನ್ನು, ಅಂದರೆ ಸಬ್‌ಕ್ಲಾಸ್ 462 ಅನ್ನುವುದನ್ನು, ಭಾರತೀಯರಿಗೆ ತೆರೆದದ್ದು 2024ರ ಅಕ್ಟೋಬರ್‌ನಲ್ಲಿ. ವರ್ಷಕ್ಕೆ 1000 ಜನಕ್ಕೆ ಮಾತ್ರ. ವಯಸ್ಸು 18ರಿಂದ 30. ಪಿಯುಸಿ ಆದ ಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು. ಇಂಗ್ಲಿಷ್‌ಗೆ ದೊಡ್ಡ ಅಂಕ ಕೇಳುವುದಿಲ್ಲ. ನನ್ನ ಸಲಕ್ಕೆ ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಸಾಕಿತ್ತು. ಖಾತೆಯಲ್ಲಿ 5000 ಆಸ್ಟ್ರೇಲಿಯನ್ ಡಾಲರ್‌ನಷ್ಟು ದುಡ್ಡು ತೋರಿಸಬೇಕು.

ಮೊದಲು ಬ್ಯಾಲೆಟ್‌ಗೆ ಹೆಸರು ಕೊಡಬೇಕು. ಅದಕ್ಕೆ 25 ಡಾಲರ್. ಆಮೇಲೆ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೆಸರು ಎತ್ತುತ್ತದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಒಬ್ಬ ಏಜೆಂಟ್ ‘ಸೆಲೆಕ್ಷನ್ ಗ್ಯಾರಂಟಿ’ ಅಂತ ನನ್ನ ಹತ್ತಿರ ಒಂದೂವರೆ ಲಕ್ಷ ಕೇಳಿದ್ದ. ಚೀಟಿ ಎತ್ತುವುದರಲ್ಲಿ ಗ್ಯಾರಂಟಿ ಎಲ್ಲಿಂದ ಬರುತ್ತದೆ? ಅರ್ಜಿ ನೀವೇ ಹಾಕಬಹುದು, ರಾತ್ರಿ ಊಟ ಆದ ಮೇಲೆ ಕೂತರೆ ಅರ್ಧ ಗಂಟೆಯ ಕೆಲಸ.

ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಬ್ಯಾಲೆಟ್‌ಗೆ ಪಾಸ್‌ಪೋರ್ಟ್ ಜೊತೆ ಪ್ಯಾನ್ ಕಾರ್ಡ್ ವಿವರವೂ ಬೇಕು. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಸೇರಿ ಮೂರು ತುಂಡು. ಮೂರು ಕಾಗದ, ಮೂರು ಮನುಷ್ಯ! ಪ್ಯಾನ್ ತಿದ್ದಿಸಲು ಮೂರು ವಾರ ಹೋಯಿತು. ಆಯ್ಕೆಯಾದ ಮೇಲೆ ವೀಸಾ ಅರ್ಜಿ ಹಾಕಲು ಸಿಗುವುದು 28 ದಿನ. ಆಗ ತಿದ್ದಿಸಲು ಓಡಿದರೆ ಆಗಲ್ಲ. ಬ್ಯಾಲೆಟ್ ತೆರೆಯುವ ಮುಂಚೆಯೇ ಎಲ್ಲ ಕಾಗದ ಮೇಜಿನ ಮೇಲೆ ಹರಡಿಕೊಂಡು ಅಕ್ಷರ ಅಕ್ಷರ ಓದಿ ನೋಡಿ.

ಪೊಲೀಸ್ ಕ್ಲಿಯರೆನ್ಸ್‌ಗೆ ನಾನು ಬೆಂಗಳೂರಿಗೆ ಹೋಗಲಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ನಡೆಸುವ ಪ್ರಯೋಗ ದೇಶದಲ್ಲೇ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. ಅಂಚೆ ಕಚೇರಿ ಕೇಂದ್ರಗಳಲ್ಲಿ ಈಗ ಈ ಸರ್ಟಿಫಿಕೇಟಿಗೂ ಅರ್ಜಿ ಹಾಕಬಹುದು. ಆಮೇಲೆ ಠಾಣೆಯಿಂದ ಫೋನ್ ಬರುತ್ತದೆ. ಎದೆಯ ಎಕ್ಸ್‌ರೇ, ವೈದ್ಯಕೀಯ ಪರೀಕ್ಷೆ, ಬೆರಳಚ್ಚು ಇವಕ್ಕೆ ಮಾತ್ರ ಬೆಂಗಳೂರಿಗೆ ಹೋದೆ.

ವೀಸಾ ಒಂದು ವರ್ಷದ್ದು. ಒಂದೇ ಮಾಲೀಕನ ಹತ್ತಿರ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಸೀಸನ್ನೇ ನಾಲ್ಕು ತಿಂಗಳು, ಹಾಗಾಗಿ ಅದರ ಚಿಂತೆ ಇಲ್ಲ. ಬ್ಯಾಲೆಟ್‌ನಲ್ಲಿ ಹೆಸರು ಬರದಿದ್ದರೆ ಜಪಾನ್ ಕಡೆ ನೋಡಬಹುದು. ಅಲ್ಲಿ ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ಅನ್ನುವ ವೀಸಾದಲ್ಲಿ ಹೋಟೆಲ್ ಕೆಲಸವೂ ಸೇರಿದೆ. ಅದಕ್ಕೆ ಜಪಾನಿ ಭಾಷೆಯ ಪರೀಕ್ಷೆ, ಕೆಲಸದ ಪರೀಕ್ಷೆ ಎರಡೂ ಪಾಸಾಗಬೇಕು. ಅದು ಒಂದು ಸೀಸನ್ನಿನ ಆಸೆಗೆ ಹೋಗುವ ದಾರಿಯಲ್ಲ, ವರ್ಷಗಟ್ಟಲೆ ಇರುವವರ ದಾರಿ.

ಬೆಳಗಿನ ಜಾವ ಮೂರೂವರೆಯ ಸಂದರ್ಶನ

ಕೆಲಸದ ಅರ್ಜಿ ಫೆಬ್ರವರಿ, ಮಾರ್ಚ್‌ನಲ್ಲೇ ಹಾಕಬೇಕು. ಹೋದ ಮೇಲೆ ಹುಡುಕಿಕೊಳ್ಳೋಣ ಅಂದರೆ ಒಳ್ಳೆಯ ಕೆಲಸ ಮುಗಿದಿರುತ್ತದೆ, ಅದಕ್ಕಿಂತ ಮುಖ್ಯವಾಗಿ ವಸತಿ ಇರುವ ಕೆಲಸ ಮುಗಿದಿರುತ್ತದೆ. ಸ್ಕೀ ಊರಿನಲ್ಲಿ ಸ್ಕೀ ಬರದವರಿಗೇ ಕೆಲಸ ಜಾಸ್ತಿ. ಅಡುಗೆ ಮನೆ, ಪಾತ್ರೆ, ಹೌಸ್‌ಕೀಪಿಂಗ್, ರಿಸೆಪ್ಷನ್, ಟಿಕೆಟ್ ಕೌಂಟರ್, ಬಾಡಿಗೆ ಅಂಗಡಿ. ಜನರನ್ನು ಕುರ್ಚಿಯಲ್ಲಿ ಕೂರಿಸಿ ಬೆಟ್ಟಕ್ಕೆ ಏರಿಸುವ ಲಿಫ್ಟ್ ನಡೆಸುವವರು ಬೇಕು. ಅವರನ್ನು ಅಲ್ಲಿ ಲಿಫ್ಟಿ ಅನ್ನುತ್ತಾರೆ. ಕುರ್ಚಿ ಮೇಲಿನ ಹಿಮ ಕೆರೆಯುವುದು, ಸಲಿಕೆ ಹಿಡಿದು ದಾರಿ ಸಮ ಮಾಡುವುದು, ಮಕ್ಕಳನ್ನು ಎತ್ತಿ ಕೂರಿಸುವುದು, ಯಾರಾದರೂ ಬಿದ್ದರೆ ಗುಂಡಿ ಒತ್ತಿ ನಿಲ್ಲಿಸುವುದು ಅವರ ಕೆಲಸ. ಬಾರ್‌ನಲ್ಲಿ ನಿಲ್ಲಬೇಕಾದರೆ ಆರ್‌ಎಸ್‌ಎ ಅನ್ನುವ ಸರ್ಟಿಫಿಕೇಟ್ ಬೇಕು, ಕುಡಿದವನಿಗೆ ಇನ್ನೊಂದು ಸುರಿಯಬಾರದು ಅನ್ನುವುದರ ತರಬೇತಿ ಅದು.

ರೆಸ್ಯೂಮೆಯಿಂದ ಫೋಟೋ, ಅಪ್ಪನ ಹೆಸರು, ಮದುವೆ ಆಗಿದೆಯೇ ಇಲ್ಲವೇ, ಕೊನೆಯ ಡಿಕ್ಲರೇಷನ್ ಎಲ್ಲ ತೆಗೆದುಹಾಕಿ. ಎರಡು ಪುಟ ಸಾಕು. ಹಳೆಯ ಮಾಲೀಕರ ಫೋನ್ ನಂಬರ್ ಕೊಡಿ. ಅವರು ನಿಜವಾಗಿಯೂ ಫೋನ್ ಮಾಡಿ ವಿಚಾರಿಸುತ್ತಾರೆ. ಆದ್ದರಿಂದ ಕೆಲಸ ಬಿಡುವಾಗ ಮ್ಯಾನೇಜರ್ ಜೊತೆ ಜಗಳ ಆಡಿಕೊಂಡು ಬಿಡಬೇಡಿ.

ಮಾರ್ಚ್‌ನಲ್ಲಿ ಸಿಡ್ನಿ ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಅವರ ಬೆಳಗ್ಗೆ ಒಂಬತ್ತು ಅಂದರೆ ನಮ್ಮ ಮೂರೂವರೆ, ನನ್ನ ವಿಡಿಯೋ ಸಂದರ್ಶನ ಅದೇ ಹೊತ್ತಿಗೆ. ಶರ್ಟು, ಅದರ ಕೆಳಗೆ ಲುಂಗಿ, ಹಿಂದೆ ಬಿಳಿ ಗೋಡೆ. ಹೊರಗೆ ನಾಯಿ ಬೊಗಳುತ್ತಿತ್ತು. ಹಿಮದ ಅನುಭವ ಇದೆಯಾ ಅಂತ ಸಂದರ್ಶನ ಮಾಡುತ್ತಿದ್ದ ಹೆಂಗಸು ಕೇಳಿದರು. ಇಲ್ಲ ಅಂದೆ. ಆಮೇಲೆ ದಸರಾ ಬಗ್ಗೆ ಹೇಳಿದೆ. ಹತ್ತು ದಿನ ಹೋಟೆಲ್ ಪೂರ್ತಿ ಭರ್ತಿ, ಜಂಬೂಸವಾರಿಯ ದಿನ ಒಂದೇ ರೂಮಿಗೆ ಎರಡು ಕುಟುಂಬ ಬುಕಿಂಗ್ ತೋರಿಸಿಕೊಂಡು ನಿಂತದ್ದು, ಅವರನ್ನು ಸಮಾಧಾನ ಮಾಡಿದ್ದು. ಆಕೆ ನಕ್ಕು, ‘ನಮ್ಮ ಜುಲೈ ಶಾಲಾ ರಜೆಯೂ ಹಾಗೇ’ ಅಂದರು. ಕೆಲಸ ಸಿಕ್ಕಿತು. ಎತ್ತರದ ಮಾತು ಆಡುವುದಕ್ಕಿಂತ ಇಂಥ ಒಂದು ಘಟನೆ ಸಿದ್ಧ ಇಟ್ಟುಕೊಳ್ಳಿ.

ಆ 41 ದಿನ

ಈಗ ದುಡ್ಡು. ಆಗ ಒಂದು ಡಾಲರ್ ಹತ್ತಿರ ಹತ್ತಿರ 55 ರೂಪಾಯಿ. 5000 ಡಾಲರ್ ಅಂದರೆ ಎರಡು ಮುಕ್ಕಾಲು ಲಕ್ಷ. ವೀಸಾಗೆ ತೋರಿಸಲು ಮಾತ್ರ ಇಟ್ಟು, ಆಮೇಲೆ ಸಾಲ ಕೊಟ್ಟವರಿಗೆ ವಾಪಸ್ ಮಾಡೋಣ ಅನ್ನುವವರಿದ್ದಾರೆ. ಬೇಡ. ಆ ದುಡ್ಡು ನಿಜವಾಗಿಯೂ ಬೇಕು.

ಜಿಂಡಬೈನ್‌ನಲ್ಲಿ ಒಂದು ರೂಮು ಇಬ್ಬರು ಹಂಚಿಕೊಂಡರೆ ನನ್ನ ಪಾಲು ವಾರಕ್ಕೆ 250 ಡಾಲರ್. ಬಾಂಡ್ ಅಂತ, ಅಂದರೆ ಠೇವಣಿಯಾಗಿ, ನಾಲ್ಕು ವಾರದ ಬಾಡಿಗೆ, ಅದರ ಮೇಲೆ ಎರಡು ವಾರದ್ದು ಮುಂಗಡ. ಅಲ್ಲಿಗೆ 1500 ಡಾಲರ್ ಮೊದಲ ದಿನವೇ ಖಾಲಿ. ಅದಕ್ಕೂ ಮುಂಚೆ ಊರಿನಲ್ಲಿ ಕೂತುಕೊಂಡೇ 400 ಡಾಲರ್ ಕಳೆದುಕೊಂಡಿದ್ದೆ. ಮನೆ ಇದೆ ಅಂತ ಒಬ್ಬ ಚೆಂದದ ಫೋಟೋ ಕಳಿಸಿದ, ‘ಇವತ್ತೇ ಕಳಿಸದಿದ್ದರೆ ಬೇರೆಯವರಿಗೆ ಕೊಡ್ತೀನಿ’ ಅಂದ, ಕಳಿಸಿದೆ. ಆಮೇಲೆ ಅವನ ಪತ್ತೆಯೇ ಇಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಬಾಡಿಗೆ ಕರಾರಿನ ಬಾಂಡ್ ದುಡ್ಡನ್ನು ಸರ್ಕಾರದ ಇಲಾಖೆಯಲ್ಲಿ ಇಡಬೇಕು, ನಾಲ್ಕು ವಾರಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಇದು ಆಗ ನನಗೆ ಗೊತ್ತಿರಲಿಲ್ಲ. ಮನೆ ಕಣ್ಣಾರೆ ನೋಡುವವರೆಗೆ, ಕನಿಷ್ಠ ವಿಡಿಯೋ ಕಾಲ್‌ನಲ್ಲಿ ಒಳಗೆಲ್ಲ ತಿರುಗಿ ತೋರಿಸುವವರೆಗೆ, ಒಂದು ಪೈಸೆ ಕಳಿಸಬೇಡಿ.

ಕೆಲಸ ಶುರುವಾದರೂ ದುಡ್ಡು ತಕ್ಷಣ ಬರಲ್ಲ. ಸಂಬಳ ಎರಡು ವಾರಕ್ಕೊಮ್ಮೆ. ನಾನು ಸೇರಿದ್ದು ಕ್ಯಾಶುಯಲ್ ಆಗಿ, ಅಂದರೆ ಗಂಟೆ ಲೆಕ್ಕ. ಕೆಲಸ ಇದ್ದರೆ ಕರೆಯುತ್ತಾರೆ, ಇಲ್ಲದಿದ್ದರೆ ಮನೆಯಲ್ಲಿರು ಅನ್ನುತ್ತಾರೆ. ಜೂನ್‌ನಲ್ಲಿ ಹಿಮ ಇನ್ನೂ ತೆಳ್ಳಗೆ, ಎಲ್ಲ ಲಿಫ್ಟೂ ತೆರೆದಿರುವುದಿಲ್ಲ, ಜನ ಕಡಿಮೆ. ಮೊದಲ ಎರಡು ವಾರ ನನಗೆ ವಾರಕ್ಕೆ 12 ಗಂಟೆ ಸಿಕ್ಕಿತು. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲೂವೆ ಮಳೆ ನಂಬ್ಕಂಡೇ ಗೇಯ್ಬೇಕೇನ್ಲಾ ಮಗಾ?’ ಅಂದರು. ಹೌದಪ್ಪ, ಅದೇ. ಮಳೆ ಬದಲು ಹಿಮ.

ಸರಿ, ಗಂಟೆಗೆ ಎಷ್ಟು? ದೇಶದ ಕನಿಷ್ಠ ಕೂಲಿ 2025ರ ಜುಲೈ 1ರಿಂದ 24.95 ಡಾಲರ್. ಕ್ಯಾಶುಯಲ್ ಆದರೆ ಅದರ ಮೇಲೆ ಶೇ 25 ಸೇರುತ್ತದೆ, 31 ಡಾಲರ್ ದಾಟುತ್ತದೆ. ನಮ್ಮಂಥ ವೀಸಾದವರಿಗೆ ವರ್ಷಕ್ಕೆ 45,000 ಡಾಲರ್‌ವರೆಗೆ ತೆರಿಗೆ ಶೇ 15. ಜುಲೈ, ಆಗಸ್ಟ್‌ನಲ್ಲಿ ವಾರಕ್ಕೆ 40 ಗಂಟೆ ದುಡಿದು ಜೂನ್‌ನ ಹಳ್ಳ ಮುಚ್ಚಿದೆ. ಟ್ಯಾಕ್ಸ್ ಫೈಲ್ ನಂಬರ್‌ಗೆ ಇಳಿದ ದಿನವೇ ಆನ್‌ಲೈನ್ ಅರ್ಜಿ ಹಾಕಿ. ಅದು ಉಚಿತ, ಆದರೆ ಬರಲು ವಾರಗಳು ಹಿಡಿಯಬಹುದು. ನಂಬರ್ ಕೊಡದಿದ್ದರೆ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ.

ನನ್ನ ಲೆಕ್ಕ ಹೀಗೆ: ಬಾಂಡ್, ಮುಂಗಡ ಕಳೆದು ಎಂಟು ವಾರ ಸಂಬಳವಿಲ್ಲದೆ ಬದುಕುವಷ್ಟು ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಒಂದು ವರ್ಷ ತಡ ಮಾಡಿ ಹೋಗಿ.

ಇನ್ಶೂರೆನ್ಸ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಅಲ್ಲಿನ ಸರ್ಕಾರಿ ಮೆಡಿಕೇರ್ ನಮಗೆ ಅನ್ವಯಿಸುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕರ ವಿಮೆ ನೋಡಿಕೊಳ್ಳುತ್ತದೆ. ರಜೆಯ ದಿನ ನೀವೇ ಸ್ಕೀ ಮಾಡಿ ಮೊಣಕಾಲು ತಿರುಚಿಕೊಂಡರೆ ಖರ್ಚು ನಿಮ್ಮದೇ. ಇಲ್ಲಿ ಸಿಗುವ ಎಷ್ಟೋ ಪ್ರಯಾಣ ವಿಮೆಗಳಲ್ಲಿ ಸ್ಕೀಯಿಂಗ್ ಹೊರಗಿಟ್ಟಿರುತ್ತಾರೆ. ಪಾಲಿಸಿಯ ಸಣ್ಣ ಅಕ್ಷರದಲ್ಲಿ ‘ಸ್ಕೀ’ ಅನ್ನುವ ಪದ ಹುಡುಕಿ, ಅದು ಒಳಗಿದೆಯೋ ಹೊರಗಿದೆಯೋ ಓದಿದ ಮೇಲೆ ದುಡ್ಡು ಕಟ್ಟಿ.

ಪೆಟ್ಟಿಗೆಯಲ್ಲಿ ಏನು

ಮೈಸೂರಿನಲ್ಲಿ ಚಳಿಗಾಲಕ್ಕೆ ಬರುವ ಟಿಬೆಟನ್ನರ ಹತ್ತಿರ ಎರಡು ದಪ್ಪ ಸ್ವೆಟರ್ ತಗೊಂಡೆ. ಮನೆಯೊಳಗೆ ಹಾಕಲು ಚೆನ್ನಾಗಿದ್ದವು, ಹೊರಗೆ ಏನೂ ಉಪಯೋಗ ಇಲ್ಲ. ಅಲ್ಲಿನ ಶತ್ರು ಬರೀ ಚಳಿಯಲ್ಲ, ಒದ್ದೆ. ಆಸ್ಟ್ರೇಲಿಯಾದ ಹಿಮದಲ್ಲಿ ನೀರಿನಂಶ ಜಾಸ್ತಿ, ಎಷ್ಟೋ ದಿನ ಹಿಮದ ಬದಲು ಮಳೆಯೇ ಸುರಿಯುತ್ತದೆ. ಮೈಗೆ ಅಂಟುವ ಉಣ್ಣೆಯ ಥರ್ಮಲ್ ಒಂದು ಪದರ, ಅದರ ಮೇಲೆ ಫ್ಲೀಸ್, ಅದರ ಮೇಲೆ ನೀರು ತಡೆಯುವ ಜಾಕೆಟ್, ಪ್ಯಾಂಟು. ಹತ್ತಿ ಬನಿಯನ್ನು, ಜೀನ್ಸ್ ಊರಿನಲ್ಲೇ ಇರಲಿ. ಒದ್ದೆಯಾದ ಹತ್ತಿ ಮೈಯ ಕಾವನ್ನೆಲ್ಲ ಹೀರುತ್ತದೆ, ಬೇಗ ಒಣಗುವುದೂ ಇಲ್ಲ. ಜಾಕೆಟ್ ಮೇಲೆ 10,000 ಮಿಲಿಮೀಟರ್ ಅಂತ ಬರೆದಿರುತ್ತದೆ. ಆ ಬಟ್ಟೆ ಅಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅಂತ ಅರ್ಥ. ದಿನವಿಡೀ ಹೊರಗೆ ನಿಲ್ಲುವ ಲಿಫ್ಟಿ ಕೆಲಸಕ್ಕೆ 20,000 ಇರಲಿ. ಥರ್ಮಲ್, ಫ್ಲೀಸ್ ಮೈಸೂರಿನ ಡೆಕಾಥ್ಲಾನ್‌ನಲ್ಲಿ ತಗೊಂಡೆ. ಜಾಕೆಟನ್ನು ಅಲ್ಲಿಗೆ ಹೋದ ಮೇಲೆ ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಯಲ್ಲಿ ಅರ್ಧಕ್ಕರ್ಧ ಬೆಲೆಗೆ ಹಿಡಿದೆ.

ಕೈಗವಸು ಎರಡು ಜೊತೆ ಬೇಕು, ಒಂದು ಒಣಗುವಾಗ ಇನ್ನೊಂದು. ಕನ್ನಡಕ, ಎಸ್‌ಪಿಎಫ್ 50 ಕ್ರೀಮು ಮರೆಯಬೇಡಿ. ಹಿಮ ಬಿಸಿಲಿನ ನೇರಳಾತೀತ ಕಿರಣದಲ್ಲಿ ಶೇ 80ರವರೆಗೆ ವಾಪಸ್ ಎಸೆಯುತ್ತದೆ. ನನ್ನ ಗಲ್ಲದ ಅಡಿ ಸುಟ್ಟಿತ್ತು, ಬಿಸಿಲು ಕೆಳಗಿನಿಂದ ಹೊಡೆದು! ಅವ್ವ ಕೊಟ್ಟ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ನಾಲ್ಕು ತಿಂಗಳೂ ಸೀಸೆಯಲ್ಲಿ ಮೇಣದ ಹಾಗೆ ಕೂತಿತ್ತು. ಬಾಯಗಲದ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋಗಿ.

ತಿಂಡಿ ಸಾಮಾನಿನ ವಿಷಯದಲ್ಲಿ ಅವ್ವನ ಜೊತೆ ದೊಡ್ಡ ವಾದವೇ ಆಯಿತು. ಖಾಪ್ರಾ ಅನ್ನುವ ಕಾಳಿನ ಹುಳದ ಭಯದಿಂದ ಆಸ್ಟ್ರೇಲಿಯಾದವರು ಪ್ರಯಾಣಿಕರ ಸಾಮಾನಿನಲ್ಲಿ ಅಕ್ಕಿ, ತೊಗರಿ, ಹೆಸರು, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಬಿಡುವುದಿಲ್ಲ. ಅಂದರೆ ನಮ್ಮ ಸಾಂಬಾರಿಗೆ ಬೇಕಾದದ್ದೆಲ್ಲ! ನಾನು ಅಂಗಡಿಯ ಪ್ಯಾಕೆಟ್ ಸಾರಿನ ಪುಡಿ ಮಾತ್ರ ಒಯ್ದೆ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಆಹಾರ ಇದೆ’ ಅಂತ ಬರೆದು ತೋರಿಸಿದೆ. ನೋಡಿ ಬಿಟ್ಟರು. ಬರೆಯದೆ ಸಿಕ್ಕಿಬಿದ್ದರೆ ದಂಡ ದೊಡ್ಡದು. ಬೇಳೆ, ಅಕ್ಕಿ ಅಲ್ಲೇ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಜಿಂಡಬೈನ್‌ನಲ್ಲಿ ರಾಗಿ ಹಿಟ್ಟು ಮಾತ್ರ ನನಗೆ ಸಿಗಲಿಲ್ಲ. ಮುದ್ದೆ ಇಲ್ಲದೆ ಅಷ್ಟು ದಿನ ಇದ್ದದ್ದು ಜೀವನದಲ್ಲಿ ಅದೇ ಮೊದಲು.

ಕಾಲು

ಬಾಡಿಗೆ ಅಂಗಡಿಯಲ್ಲಿ ಸಾವಿರಾರು ಕಾಲು ನೋಡಿದವನು ನಾನು, ಆದ್ದರಿಂದ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಶುಕ್ರವಾರ ರಾತ್ರಿ ಸಿಡ್ನಿಯಿಂದ ಐದಾರು ಗಂಟೆ ಕಾರು ಓಡಿಸಿಕೊಂಡು ಜನ ಬರುತ್ತಾರೆ. ಎಲ್ಲರೂ ಮಾಡುವ ತಪ್ಪು ಎರಡು ಜೊತೆ ಕಾಲುಚೀಲ. ಸ್ಕೀ ಬೂಟಿಗೆ ತೆಳ್ಳನೆಯ, ಉದ್ದನೆಯ ಒಂದೇ ಚೀಲ. ಎರಡು ಹಾಕಿದರೆ ಒಳಗೆ ಮಡಿಕೆ ಬಿದ್ದು ನೋಯುತ್ತದೆ, ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬೂಟಿನ ಅಳತೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಈಗಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆದು ಬರೆದಿಟ್ಟುಕೊಳ್ಳಿ. ನೇರ ನಿಂತಾಗ ಬೆರಳ ತುದಿ ಮುಂದೆ ಸವರಬೇಕು. ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು. ಆರಾಮಾಗಿದೆ ಅನ್ನಿಸಿದ ಬೂಟು ದೊಡ್ಡದಾಗಿದೆ ಅಂತ ಅರ್ಥ.

ಬೂಟನ್ನು ಹಲಗೆಗೆ ಹಿಡಿಯುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಬೇಕು ಅನ್ನುವುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಎಷ್ಟು ಪಳಗಿದ್ದೀರಿ ಇವುಗಳಿಂದ ಲೆಕ್ಕ ಹಾಕುತ್ತೇವೆ. ಹೆಂಗಸರು, ಗಂಡಸರು ಎಲ್ಲರೂ ತೂಕ ಕಡಿಮೆ ಹೇಳುತ್ತಾರೆ. ಹುಡುಗರು ಪಳಗಿದ್ದೀವಿ ಅಂತ ಬೇರೆ ಹೇಳುತ್ತಾರೆ. ತೂಕ ಕಡಿಮೆ ಹೇಳಿದರೆ ಬೇಡದಾಗ ಬಿಚ್ಚಿಕೊಂಡು ಬೀಳುತ್ತೀರಿ, ಪಳಗದೆ ಪಳಗಿದ್ದೀವಿ ಅಂದರೆ ಬಿಚ್ಚಬೇಕಾದಾಗ ಬಿಚ್ಚದೆ ಮೊಣಕಾಲು ಹೋಗುತ್ತದೆ. ನೀವು ಗ್ರಾಹಕರಾಗಿ ನಿಂತಾಗ ನಿಜ ಹೇಳಿ.

ಮೈ ತಯಾರಿಗೆ ನಾನು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಬಳಸಿಕೊಂಡೆ. ಎಲ್ಲರೂ ಹತ್ತಿ ಬಸ್ಸಿನಲ್ಲಿ ಇಳಿಯುತ್ತಾರೆ. ನೀವು ಇಳಿಯುವುದನ್ನೂ ಕಾಲಿನಲ್ಲೇ ಮಾಡಿ, ನಿಧಾನಕ್ಕೆ. ಸ್ಕೀ ಮಾಡುವಾಗ ತೊಡೆಗೆ ಬೀಳುವುದು ಇಳಿಯುವ ಭಾರವೇ. ಜೊತೆಗೆ ದಿನಕ್ಕೆ ನೂರು ಬಸ್ಕಿ. ಗರಡಿ ಮನೆಯವರು ಹೇಳುವಷ್ಟು ಬೇಡ, ನೂರು ಸಾಕು. ಹೆಪ್ಪುಗಟ್ಟಿದ ರಸ್ತೆ ಮೇಲೆ ನಡೆಯಲು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ನಡೆಯುವ ಹಾಗೆಯೇ: ಸಣ್ಣ ಹೆಜ್ಜೆ, ಪೂರ್ತಿ ಪಾದ, ಜೇಬಿನಿಂದ ಕೈ ಹೊರಗೆ.

ಕಾರು ಓಡಿಸುವ ಯೋಚನೆ ಇದ್ದರೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದೊಳಗೆ ಚಳಿಗಾಲದಲ್ಲಿ ಟೂ ವೀಲ್ ಡ್ರೈವ್ ಕಾರಿನವರು ಟೈರಿಗೆ ಕಟ್ಟುವ ಸರಪಳಿ ಇಟ್ಟುಕೊಂಡಿರಲೇಬೇಕು. ಕಾರು ಇಲ್ಲದಿದ್ದರೂ ಪೆರಿಷರ್‌ಗೆ ಬೆಟ್ಟದೊಳಗಿನ ಸುರಂಗದಲ್ಲಿ ಹೋಗುವ ಸ್ಕೀಟ್ಯೂಬ್ ರೈಲು ಇದೆ, 1987ರಿಂದ ಓಡುತ್ತಿದೆ.

ಅಂದ ಹಾಗೆ, ಜಿಂಡಬೈನ್ ಕೆರೆ ನೋಡಿದರೆ ನಮ್ಮವರಿಗೆ ಕನ್ನಂಬಾಡಿ ನೆನಪಾಗದೆ ಇರದು. ಸ್ನೋಯಿ ನದಿಗೆ ಅಣೆಕಟ್ಟು ಕಟ್ಟಿದಾಗ, 1960ರ ದಶಕದಲ್ಲಿ, ಹಳೇ ಜಿಂಡಬೈನ್ ನೀರಿನಡಿಗೆ ಹೋಯಿತು. ಈಗಿರುವುದು ಮೇಲೆ ಕಟ್ಟಿದ ಹೊಸ ಊರು. ಕೆಆರ್‌ಎಸ್ ಕೆಳಗೆ ಹೋದ ಹಳೇ ಕನ್ನಂಬಾಡಿಯ ಕಥೆ ನನ್ನ ರೂಮಿನ ಹುಡುಗನಿಗೆ ಹೇಳಿದೆ. ಅವನು ಅರ್ಜೆಂಟೀನಾದವನು, ಅರ್ಥವಾಯಿತೋ ಇಲ್ಲವೋ, ತಲೆ ಆಡಿಸಿದ.

ಹೊರಡುವ ಮುಂಚೆ ಮಾಡಬೇಕಾದ ಇನ್ನೊಂದು ಕೆಲಸ ಇದೆ, ಅದು ವಾಪಸ್ ಬರುವಾಗಿನದು. ಸಂಬಳದ ಮೇಲೆ ಮಾಲೀಕರು ಶೇ 12ರಷ್ಟನ್ನು ಸೂಪರ್ ಅನ್ನುವ ನಿವೃತ್ತಿ ಖಾತೆಗೆ ಹಾಕುತ್ತಾರೆ. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಅದನ್ನು ವಾಪಸ್ ಕೇಳಬಹುದು. ನಮ್ಮ ವೀಸಾದವರಿಗೆ ಅದರ ಮೇಲೆ ಶೇ 65 ತೆರಿಗೆ. ಆದರೂ ಉಳಿದದ್ದು ಬಿಡುವ ಮೊತ್ತವಲ್ಲ, ನನ್ನ ಲೆಕ್ಕದಲ್ಲಿ 500 ಡಾಲರ್ ಚಿಲ್ಲರೆ. ವಿಮಾನ ಹತ್ತುವ ಮುಂಚೆ ಆ ಖಾತೆಯಲ್ಲಿ ನಿಮ್ಮ ಭಾರತದ ಫೋನ್ ನಂಬರ್, ಇಮೇಲ್ ಹಾಕಿಸಿ. ನಾನು ಹಾಕಿಸಲಿಲ್ಲ. ಒಟಿಪಿ ಈಗಲೂ ಆಸ್ಟ್ರೇಲಿಯಾದ ಸಿಮ್‌ಗೇ ಬರುತ್ತದೆ. ಮದ್ದೂರಿನಲ್ಲಿ ಕೂತುಕೊಂಡು ತಿಂಗಳು ತಿಂಗಳು ಅದಕ್ಕೆ ರೀಚಾರ್ಜ್ ಮಾಡಿಸುತ್ತಿದ್ದೇನೆ.